ಊರನ್ನು ಅರಿಯದ ಉಪದೇಶ

ಮನುಷ್ಯನಿಗೆ ಒಂದು ಊರಿರುತ್ತದೆ, ಭಾಷೆಯಿರುತ್ತದೆ, ಹೊಟ್ಟೆಪಾಡಿನ ಕಸುಬಿರುತ್ತದೆ, ನೆರೆಹೊರೆಯಿರುತ್ತದೆ. ಇವುಗಳನ್ನು ಅರಿಯದೆ ಧರ್ಮಬೋಧನೆಗೆ ಹೊರಟವರ ಮಾತು ಎಷ್ಟೇ ಸತ್ಯವಾಗಿದ್ದರೂ ಕೇಳುವವರ ಹೃದಯಕ್ಕೆ ಇಳಿಯುವುದಿಲ್ಲ. ಈ ಪಾಠ ನಾವು ಓದಿದ ಗ್ರಂಥಗಳಲ್ಲಿ ಇದ್ದೇ ಇತ್ತು. ಆದರೂ ಅದನ್ನು ನಮಗೆ ಅರ್ಥ ಮಾಡಿಸಿದವನು ಒಬ್ಬ ಬಾಲಕ.

ವರ್ಷಗಳ ಹಿಂದೆ ಗಂಗೊಳ್ಳಿ ಬಂದರಿನ ಸಮೀಪದ ಮದ್ರಸವೊಂದರಲ್ಲಿ ಬೋಧಕರಾಗಿದ್ದೆವು. ನಾವು ಕಲಿತ ಕಡೆಯ ವೇಳಾಪಟ್ಟಿಯನ್ನೇ ಇಲ್ಲಿಗೂ ತಂದಿದ್ದೆವು. ಸುಬಹ್ ನಮಾಝಿನ ಬಳಿಕದ ತರಗತಿಗೆ ಒಬ್ಬ ಹುಡುಗ ದಿನವೂ ತಡವಾಗಿ ಬರುತ್ತಿದ್ದ. ಬಂದರೂ ಪುಸ್ತಕದ ಮೇಲೆಯೇ ತೂಕಡಿಸುತ್ತಿದ್ದ. ಇವನಿಗೆ ದೀನಿನ ವಿದ್ಯೆಯಲ್ಲಿ ಆಸಕ್ತಿಯಿಲ್ಲವೆಂದು ತೀರ್ಮಾನಿಸಿ ಒಂದು ವಾರ ಬಾಗಿಲ ಬಳಿ ನಿಲ್ಲಿಸಿದೆವು. ಬಳಿಕ ಅವನ ಅಜ್ಜ ಬಂದರು.

"ಉಸ್ತಾದರೇ, ಬೋಟು ಬರುವುದು ಬೆಳಗಿನ ಜಾವ. ಇವನ ಅಪ್ಪನ ಕೈಗೆ ಪೆಟ್ಟಾಗಿದೆ. ಮೀನಿನ ಬುಟ್ಟಿಗೆ ಕೈಕೊಡಲು ಇವನೇ ಹೋಗುತ್ತಾನೆ."

ಇಷ್ಟು ಹೇಳಿ, ಸಲಾಮ್ ಹೇಳಿ ಹೊರಟರು. ಒಂದು ಮಾತೂ ದೂರಲಿಲ್ಲ. ಮದ್ರಸದಿಂದ ಬಂದರಿಗೆ ಹತ್ತು ನಿಮಿಷದ ದಾರಿ. ಎರಡು ವರ್ಷಗಳಲ್ಲಿ ಒಮ್ಮೆಯೂ ನಾವು ಆ ದಾರಿಯಲ್ಲಿ ನಡೆದಿರಲಿಲ್ಲ.

ಮುಆದ್ ಬಿನ್ ಜಬಲ್(ರ)ರ ಘಟನೆಯನ್ನು ನಾವೇ ಎಷ್ಟೋ ಬಾರಿ ಪ್ರವಚನಗಳಲ್ಲಿ ಹೇಳಿದ್ದೆವು. ಹಗಲಿಡೀ ಒಂಟೆಗಳೊಂದಿಗೆ ನೀರಿನ ಕೆಲಸ ಮಾಡಿ ದಣಿದವರೊಬ್ಬರು ರಾತ್ರಿಯ ನಮಾಝಿಗೆ ಸೇರುತ್ತಾರೆ. ಇಮಾಮರಾದ ಮುಆದ್(ರ) ದೀರ್ಘವಾದ ಬಕರಃ ಅಧ್ಯಾಯವನ್ನು ಆರಂಭಿಸಿದಾಗ ಅವರು ಬೇರೆಯಾಗಿ ನಮಾಝ್ ಮುಗಿಸಿ ಹೋಗುತ್ತಾರೆ. ಅವರನ್ನು ಕಪಟಿಯೆಂದು ಜರೆಯಲಾಯಿತು. ವಿಷಯ ಪ್ರವಾದಿ(ಸ)ರ ಬಳಿಗೆ ಹೋದಾಗ ಅವರು ಗದರಿಸಿದ್ದು ಇಮಾಮರನ್ನು. ಹಿಂದೆ ನಿಂತವರಲ್ಲಿ ವೃದ್ಧರೂ ದುರ್ಬಲರೂ ಕೆಲಸವುಳ್ಳವರೂ ಇರುತ್ತಾರೆಂದು ನೆನಪಿಸಿ, ಚಿಕ್ಕ ಅಧ್ಯಾಯಗಳನ್ನು ಸೂಚಿಸಿದರು. ನಮಾಝ್ ನಮಾಝಾಗಿಯೇ ಉಳಿಯಿತು. ಅದರ ದೀರ್ಘತೆ ಜನರ ಬದುಕಿಗೆ ಹೊಂದಿಕೊಂಡಿತು.

ಈ ಕರಾವಳಿಯ ಬಹುಸಂಖ್ಯಾತ ಮುಸ್ಲಿಮರು ಅನುಸರಿಸುವ ಇಮಾಮ್ ಶಾಫಿಈ(ರ)ರೂ ಇರಾಕಿನಲ್ಲಿದ್ದಾಗ ತಳೆದ ಹಲವು ಅಭಿಪ್ರಾಯಗಳನ್ನು ಈಜಿಪ್ಟಿಗೆ ಬಂದ ಮೇಲೆ ಮರುಪರಿಶೀಲಿಸಿದರು. ಅಷ್ಟು ದೊಡ್ಡ ವಿದ್ವಾಂಸರೇ ತಮ್ಮ ಮಾತನ್ನು ಮತ್ತೆ ತೂಗಿ ನೋಡಿದರೆಂದಾದರೆ, ಒಂದು ವೇಳಾಪಟ್ಟಿಯನ್ನು ಬದಲಿಸಲು ನಮಗೇನು ಅಡ್ಡಿಯಿತ್ತು?

ನಮ್ಮ ಹಿರಿಯರಿಗೆ ಈ ಅರಿವಿತ್ತು. 14ನೇ ಶತಮಾನದಲ್ಲಿ ಈ ತೀರದಲ್ಲಿ ಸಂಚರಿಸಿದ ಇಬ್ನ್ ಬತೂತ, ಫಾಕನೂರಿನಲ್ಲಿ, ಅಂದರೆ ಇಂದಿನ ಬ್ರಹ್ಮಾವರ ತಾಲೂಕಿನ ಬಾರ್ಕೂರಿನಲ್ಲಿ, ಖಾಝಿ ಮತ್ತು ಖತೀಬರಿದ್ದ ಮುಸ್ಲಿಮ್ ಸಮುದಾಯವನ್ನು ಕಂಡು ಬರೆದಿದ್ದಾನೆ. ಊರನ್ನಾಳುತ್ತಿದ್ದವನು ಮುಸ್ಲಿಮೇತರ ಅರಸ. ಮಸೀದಿಯೂ ಇತ್ತು, ನೆರೆಹೊರೆಯೂ ಇತ್ತು. ಇಂದಿಗೂ ಬೈಂದೂರಿನ ಶಿರೂರಿನಲ್ಲಿ ಮನೆಯೊಳಗೆ ನವಾಯತಿ, ಬೇರೆ ಕಡೆ ಬ್ಯಾರಿ ಅಥವಾ ಉರ್ದು. ಸಂತೆಗೆ ಹೋದರೆ ಎಲ್ಲರ ಬಾಯಲ್ಲೂ ಕುಂದಾಪ್ರ ಕನ್ನಡ. ಇದರಿಂದ ಯಾರ ಈಮಾನೂ ಕರಗಲಿಲ್ಲ.

ಹಾಗೆಂದು ಹೊಂದಾಣಿಕೆಯೆಂದರೆ ಬಂದದ್ದೆಲ್ಲವನ್ನೂ ಒಳಗೆ ಬಿಟ್ಟುಕೊಳ್ಳುವುದಲ್ಲ. ನಮ್ಮ ಹಳ್ಳಗಳ ಕಿಂಡಿ ಅಣೆಕಟ್ಟುಗಳನ್ನು ನೋಡಿರಿ. ಮಳೆಗಾಲದಲ್ಲಿ ಹಲಗೆ ತೆಗೆದು ನೆರೆಗೆ ದಾರಿ ಬಿಡುತ್ತಾರೆ. ಮಳೆ ನಿಂತ ಮೇಲೆ ಹಲಗೆ ಹಾಕಿ ಸಿಹಿನೀರನ್ನು ಉಳಿಸಿ, ಸಮುದ್ರದ ಉಪ್ಪುನೀರನ್ನು ತಡೆಯುತ್ತಾರೆ. ಕಾಲವರಿಯದೆ ಮುಚ್ಚಿದರೆ ಗದ್ದೆ ಮುಳುಗುತ್ತದೆ, ತೆರೆದೇ ಇಟ್ಟರೆ ಬಾವಿ ಉಪ್ಪಾಗುತ್ತದೆ. ಬಡ್ಡಿ, ವರದಕ್ಷಿಣೆ, ಅಮಲು ಇವು ಊರಿನಲ್ಲಿ ಎಷ್ಟೇ ವಾಡಿಕೆಯಾಗಿದ್ದರೂ ಉಪ್ಪುನೀರೇ. ಅಲ್ಲಿ ಹಲಗೆ ಬೀಳಲೇಬೇಕು. ಭಾಷೆ, ಕಸುಬು, ಸಮಯ, ನೆರೆಯವರ ಸುಖದುಃಖ ಇವು ಹರಿದು ಬರಬೇಕಾದ ಸಿಹಿನೀರು. ವಿಪರ್ಯಾಸವೆಂದರೆ ವರದಕ್ಷಿಣೆಯ ಮದುವೆಯಲ್ಲಿ ಮೌನವಾಗಿ ಉಂಡು ಬರುವ ನಾವು, ತೂಕಡಿಸುವ ಹುಡುಗನ ಮುಂದೆ ಕಠೋರರಾಗುತ್ತೇವೆ.

ಆ ಹುಡುಗನ ಬಳಿ ಕ್ಷಮೆ ಕೇಳಿದೆವು. ಅವನಂಥವರಿಗಾಗಿ ಅಸರ್ ಬಳಿಕ ಇನ್ನೊಂದು ತರಗತಿ ತೆರೆದೆವು. ಜೂನ್, ಜುಲೈಯಲ್ಲಿ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುವಾಗ ಅವರೆಲ್ಲ ಬೆಳಗ್ಗೆಯೇ ಬರತೊಡಗಿದರು. ಮರುವರ್ಷ ಅವನು ಯಾಸೀನ್ ಅಧ್ಯಾಯವನ್ನು ಒಂದೂ ತಪ್ಪಿಲ್ಲದೆ ಒಪ್ಪಿಸಿದ. ಅವನ ಅಜ್ಜ ಬಾಗಿಲ ಬಳಿ ನಿಂತು ಕೇಳುತ್ತಿದ್ದರು, ನಾವು ಅವನನ್ನು ನಿಲ್ಲಿಸಿದ್ದ ಅದೇ ಜಾಗದಲ್ಲಿ.

ನಾವು ಬದುಕುವ ನೆಲವನ್ನೂ ಜನರನ್ನೂ ಅರಿತು ಸತ್ಯವನ್ನು ಸಾರುವ ವಿವೇಕವನ್ನು ಅಲ್ಲಾಹನು ನಮಗೆಲ್ಲರಿಗೂ ಕರುಣಿಸಲಿ. ಆಮೀನ್.