ಸೊರ್ ಎಂದು ಹೀರಿದ ಚಹಾ

ಸಿದ್ದಾಪುರದ ನಮ್ಮ ಮನೆಗೆ ಯಾರೇ ಬರಲಿ, ಮೊದಲ ಪ್ರಶ್ನೆ "ಆಸರಿಗೆ ಎಂತ ಬೇಕು?" ಎಂದು. ಮಜ್ಜಿಗೆ, ಕಷಾಯ, ಚಹಾ ಯಾವುದಾದರೂ ಆದೀತು. ನನಗೆ ಮಾತ್ರ ಹಾಲು ಹಾಕದ ಚಹಾವೇ ಆಗಬೇಕು. ಶಿರಸಿ ಪೇಟೆಯಿಂದ ತಂದ ಎಲೆ ಚಹಾ, ಸಕ್ಕರೆ ಚಿಟಿಕೆಯಷ್ಟೇ.

2021ರ ಮೇ ತಿಂಗಳಲ್ಲಿ ನನಗೆ ಕೋವಿಡ್ ಬಂತು. ನಾಲ್ಕು ದಿನಕ್ಕೆ ಜ್ವರ ಇಳಿಯಿತು. ಐದನೆಯ ದಿನ ಬೆಳಿಗ್ಗೆ ಚಹಾ ಬಾಯಿಗಿಟ್ಟೆ. ಸಿಹಿ ಗೊತ್ತಾಯಿತು, ಕಹಿ ಗೊತ್ತಾಯಿತು, ಒಗರೂ ಇತ್ತು. ಆದರೆ ಲೋಟದಲ್ಲಿ ಚಹಾವೇ ಇಲ್ಲ ಅನ್ನಿಸಿತು!

ಇದು ಹೇಗೆ ಗೊತ್ತೇ? ನಮ್ಮ ನಾಲಗೆ ಗುರುತಿಸುವುದು ಮುಖ್ಯವಾಗಿ ಸಿಹಿ, ಹುಳಿ, ಉಪ್ಪು, ಕಹಿ, ಉಮಾಮಿ ಎಂಬ ಐದು ರುಚಿಗಳನ್ನು. (ಒಂದೊಂದು ರುಚಿಗೆ ನಾಲಗೆಯ ಒಂದೊಂದು ಜಾಗ ಎಂದು ನಾವು ಓದಿದ್ದೆವು. ಅದು ತಪ್ಪು.) ಉಳಿದದ್ದು ಮೂಗಿನ ಕೆಲಸ. ಗುಟುಕು ಬಾಯಲ್ಲಿರುವಾಗ ಅದರ ಪರಿಮಳ ಗಂಟಲಿನ ಹಿಂದಿನಿಂದ ಮೂಗಿಗೆ ಏರುತ್ತದೆ. ನನ್ನ ಮೂಗು ಕೆಲಸ ನಿಲ್ಲಿಸಿತ್ತು.

ಹಾಗಾದರೆ ಒಗರು ಹೇಗೆ ತಿಳಿಯಿತು? ಒಗರು ಬಹುಮಟ್ಟಿಗೆ ಸ್ಪರ್ಶ. ಅಡಿಕೆ ಬೇಯಿಸಿದ ಹಂಡೆಯಲ್ಲಿ ಉಳಿಯುವ ಕೆಂಪು ಚೊಗರು ನೋಡಿದ್ದೀರಲ್ಲ? ಅದರಲ್ಲಿರುವಂಥ ಪಾಲಿಫಿನಾಲ್‌ಗಳು ಚಹಾದಲ್ಲೂ ಇವೆ. ಅವು ಜೊಲ್ಲಿನ ಪ್ರೋಟೀನುಗಳಿಗೆ ಅಂಟಿಕೊಳ್ಳುತ್ತವೆ. ಆಗ ಬಾಯಿಯ ನುಣುಪು ಹೋಗಿ ನಾಲಗೆ ಒರಟಾದಂತೆ ಅನಿಸುತ್ತದೆ. ಹಾಲು ಹಾಕಿದರೆ ಅವು ಹಾಲಿನ ಪ್ರೋಟೀನಿಗೂ ಅಂಟುವುದರಿಂದ ಒಗರು ತಗ್ಗುತ್ತದೆ.

ದಿನಕ್ಕೆರಡು ಸಲ ಪರಿಚಿತ ವಾಸನೆಗಳನ್ನು ಮೂಸಿ ನೋಡಲು ಡಾಕ್ಟರರು ಹೇಳಿದರು. ಆಯಿ ಏಲಕ್ಕಿ, ಲವಂಗ, ಲಿಂಬೆ ಸಿಪ್ಪೆ, ಕೊತ್ತಂಬರಿ ಬೀಜಗಳನ್ನು ಡಬ್ಬಿಗಳಲ್ಲಿ ಹಾಕಿಕೊಟ್ಟಳು. ಮೂರು ವಾರವಾದರೂ ಏನೂ ಇಲ್ಲ. ಒಂದು ದಿನ ಒಲೆಯ ಮೇಲೆ ಹಾಲು ಸೀದುಹೋಯಿತು. ಪಕ್ಕದಲ್ಲೇ ಕುಳಿತಿದ್ದ ನನಗೆ ತಿಳಿಯಲೇ ಇಲ್ಲ. ಅಂದು ನಿಜಕ್ಕೂ ಹೆದರಿದೆ.

ಯಲ್ಲಾಪುರದ ಮಾವ ಫೋನಿನಲ್ಲಿ ಒಂದು ವಿಷಯ ಹೇಳಿದ. ಕೊಚ್ಚಿ, ಕುನೂರುಗಳಲ್ಲಿ ಚಹಾ ಹರಾಜು ನಡೆಯುತ್ತದೆ. ಅಂಥ ಕಡೆ ಚಹಾ ಪರೀಕ್ಷಿಸುವವರು ಚಮಚದಿಂದ ಸೊರ್ ಎಂದು ಜೋರಾಗಿ ಹೀರುತ್ತಾರಂತೆ! ಹಾಗೆ ಹೀರಿದಾಗ ಚಹಾ ಸಣ್ಣ ಹನಿಗಳಾಗಿ ಗಾಳಿಯೊಡನೆ ಬೆರೆತು ಹೆಚ್ಚು ಪರಿಮಳ ಮೂಗಿಗೆ ಹೋಗುತ್ತದೆ. ನಾನೂ ಶುರುಮಾಡಿದೆ. ಒಂದೇ ಅಳತೆಯ ಎಲೆಯನ್ನು ಕುದಿನೀರಿನಲ್ಲಿ 2, 4, 8 ನಿಮಿಷ ನೆನೆಸಿ ಮೂರು ಲೋಟ ಮಾಡಿಕೊಳ್ಳುತ್ತಿದ್ದೆ. ಮೂಗಿಲ್ಲದಿದ್ದರೂ ಒಗರು ಏರುವುದನ್ನು ನಾಲಗೆ ಕಲಿಯಿತು. ಮೊದಲು ನನಗೆ ಚಹಾ ಎಂದರೆ ಒಂದೇ ರುಚಿ. ಈಗ 8 ನಿಮಿಷದ ಲೋಟವನ್ನು ಕಣ್ಣು ಮುಚ್ಚಿ ಹೇಳಬಲ್ಲೆ.

ನೀವೂ ಮಾಡಿ ನೋಡಿ. ಕುದಿನೀರನ್ನು ದೊಡ್ಡವರೇ ಹಾಕಲಿ. ಚಹಾದಲ್ಲಿ ಕೆಫೀನ್ ಇದೆ, ಒಂದೊಂದು ಚಮಚ ಸಾಕು. ಆರಿದ ಮೇಲೆ ಮೂಗು ಹಿಡಿದು ಒಂದು ಚಮಚ, ಬಿಟ್ಟು ಒಂದು ಚಮಚ ಕುಡಿಯಿರಿ. ಉಳಿದದ್ದಕ್ಕೆ ಲಿಂಬೆರಸ ಹಿಂಡಿ, ಬಣ್ಣ ಏನಾಯಿತು ನೋಡಿ.

ಜೂನ್ ಕೊನೆಗೆ, ಮಳೆ ಜೋರಾಗಿದ್ದ ಒಂದು ಬೆಳಿಗ್ಗೆ, ಮೊದಲು ಕೊತ್ತಂಬರಿ ಬೀಜದ ಡಬ್ಬಿಯಿಂದ ತೆಳುವಾಗಿ ಏನೋ ಬಂತು. ಅದರ ಪರಿಮಳದಲ್ಲಿ ಮುಖ್ಯವಾದದ್ದು ಲಿನಲೂಲ್. ಅದು ಚಹಾದಲ್ಲೂ ಇದೆ. ಓಡಿಹೋಗಿ ಚಹಾ ಮಾಡಿ ಸೊರ್ ಎಂದು ಹೀರಿದೆ. ಪಂಕ್ತಿಯಲ್ಲಿ ಸೊರಸೊರ ಎಂದರೆ ಗದರಿಸುವ ಆಯಿ ಅಂದು ಏನೂ ಅನ್ನಲಿಲ್ಲ. "ಇನ್ನೊಂದು ಲೋಟ ಬೇಕಾ?" ಎಂದಳು.