75 ಡಿಗ್ರಿ ಮಲ್ಲಿಗೆ

ಠಾಣೆ-ಬೇಲಾಪುರ ರಸ್ತೆಯ ಕೆಮಿಕಲ್ ಕಂಪನಿಯೊಂದರಲ್ಲಿ ನನ್ನ ಆಯುಷ್ಯ ಸವೆದದ್ದು ಡಿಗ್ರಿ ಬರೆಯುವುದರಲ್ಲಿ. ರಿಯಾಕ್ಟರ್ 82, ಜಾಕೆಟ್ 90, ಸಹಿ. ನಿವೃತ್ತಿಯೊಂದಿಗೆ ಆ ಪೀಡೆ ತೊಲಗಿತೆಂದುಕೊಂಡರೆ, ಈಗ ರಬಾಳೆಯ ನಮ್ಮ ಅಡುಗೆಮನೆಯಲ್ಲೇ ಶಿಫ್ಟ್ ಶುರುವಾಗಿದೆ. ನನ್ನವಳು ಪರಿಮಳದ ಮೇಣದ ಬಿಲ್ಲೆ ಮಾಡುತ್ತಾಳೆ. ಅದಕ್ಕೆ ಬತ್ತಿಯಿಲ್ಲ, ಬಟ್ಟಲಲ್ಲಿಟ್ಟು ಕೆಳಗೆ ಪುಟ್ಟ ದೀಪ ಹಚ್ಚಿದರೆ ಕರಗಿ ಘಮಘಮಿಸಬೇಕು. ಥರ್ಮಾಮೀಟರ್ ಹಿಡಿಯುವ ಕೆಲಸ ನನ್ನದು. ಅನುಭವಸ್ಥನೆಂಬ ಗೌರವಕ್ಕಲ್ಲ, ಬೇರೆ ಕೆಲಸ ಕೊಟ್ಟರೆ ಕೆಡಿಸುತ್ತೇನೆಂಬ ಭಯಕ್ಕೆ.

"ಎಷ್ಟಾಯ್ತು ಮಾರಾಯ್ರೆ?"

"84."

"ಆರಿಸಿ, ಆರಿಸಿ!"

ಸೋಯಾ ಮೇಣ 50ರ ಆಸುಪಾಸಿನಲ್ಲೇ ಕರಗುತ್ತದೆ. ಆಗಲೇ ಎಣ್ಣೆ ಸುರಿದರೆ ಸರಿಯಾಗಿ ಬೆರೆಯದೆ, ಆಮೇಲೆ ಬಿಲ್ಲೆ ಬೆವರುತ್ತದೆ. ಹಾಗಾಗಿ ಕುದಿನೀರಿನ ಪಾತ್ರೆಯೊಳಗಿಟ್ಟು 80 ದಾಟಿಸಿ, ಉರಿ ಆರಿಸಿ, 75ಕ್ಕೆ ಇಳಿದಾಗ ಮಲ್ಲಿಗೆ ಎಣ್ಣೆ: 100 ಗ್ರಾಮಿಗೆ 8 ಗ್ರಾಂ. ಮೆಲ್ಲಗೆ ಕಲಕುತ್ತ 60ರ ಹೊತ್ತಿಗೆ ಅಚ್ಚಿಗೆ. ಎಣ್ಣೆ ಬಾಟಲಿಯ ಮೇಲಿನ ಫ್ಲ್ಯಾಶ್ ಪಾಯಿಂಟ್ ದಾಟಿದರೆ ಪರಿಮಳ ಹಾರಿಹೋಗುತ್ತದೆಂದು ಆಕೆಗೆ ಯಾರೋ ಹೇಳಿದ್ದಾರೆ. ಅದು ಆವಿ ಬೆಂಕಿ ಹಿಡಿಯುವ ಲೆಕ್ಕ, ಪರಿಮಳದ್ದಲ್ಲ ಎಂದು ನಾನು ವಿವರಿಸಲು ಹೊರಟರೆ ಎಕ್ಸಾಸ್ಟ್ ಫ್ಯಾನ್ ಹಾಕುತ್ತಾಳೆ.

ಊರಲ್ಲಿ ಅಮ್ಮ ಒಂದೆಳೆ ಪಾಕವನ್ನು ಹೆಬ್ಬೆರಳು ತೋರುಬೆರಳುಗಳ ನಡುವೆ ಎಳೆದು ನೋಡುತ್ತಿದ್ದಳು. ಅದು ಸುಮಾರು 105 ಡಿಗ್ರಿ ಎಂದು ರಜೆಯಲ್ಲಿ ಹೋದಾಗ ಜಂಬದಿಂದ ಹೇಳಿದ್ದೆ. "ಬರೀ ನೂರೈದಾ? ಬೆರಳಿಗೆ ಇನ್ನೂ ಜಾಸ್ತಿ ಅನ್ನಿಸ್ತದಲ್ಲ ಮಾರಾಯ" ಎಂದಳು.

ಊರೆಂದರೆ ಉಡುಪಿಯ ಶಂಕರಪುರ. ಬೆಳಿಗ್ಗೆ ಮೊಗ್ಗು ಕೊಯ್ದು ಬಾಳೆನಾರಿನಲ್ಲಿ ಕಟ್ಟುತ್ತಿದ್ದರು; 800 ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಆ ಮಲ್ಲಿಗೆ ಇಂದಿಗೂ ಮುಂಬಯಿಗೆ ಬರುತ್ತದೆ. ತಲುಪುವಷ್ಟರಲ್ಲಿ ಅರ್ಧ ಬಾಡಿದ್ದರೂ ಮುಡಿದವಳು ಹೊಸಿಲು ದಾಟಿದರೆ ಒಳಕೋಣೆಗೆ ಗೊತ್ತಾಗುತ್ತದೆ. ಬಿಸಿಲಿಗೇ ಸೊರಗುವ ಹೂವದು. ಬಾಟಲಿಯ ಮಲ್ಲಿಗೆ 75 ಡಿಗ್ರಿಯಲ್ಲೂ ನಗುನಗುತ್ತಲೇ ಇರುತ್ತದೆ. ನನ್ನ ಅನುಮಾನ ಶುರುವಾಗುವುದೇ ಅಲ್ಲಿ. ನನ್ನವಳಿಗೆ ಬೇಕಾದದ್ದು ಮಾತ್ರ ಶಂಕರಪುರದ್ದೇ.

ಬಿಲ್ಲೆಗಳನ್ನು ಡಬ್ಬಿಯಲ್ಲಿ ಮುಚ್ಚಿ ಒಂದೆರಡು ವಾರ ಇಟ್ಟರೆ ಪರಿಮಳ ಕೂರುತ್ತದೆ. ಅದೂ ಆಯಿತು. ಮೊದಲ ಬಿಲ್ಲೆ ಕರಗುವಾಗ ಪಕ್ಕದ ಮನೆಯ ಕಾಕೂ ಬಂದು ಮೂಗರಳಿಸಿ, "ಕೋಣತೀ ಅಗರಬತ್ತೀ ಲಾವಲೀ?" ಎಂದರು; ಯಾವ ಊದುಬತ್ತಿ ಹಚ್ಚಿದ್ದೀರಿ ಅಂತ.

ಅವರು ಹೋಗುವವರೆಗೆ ತಡೆದುಕೊಂಡು ನನ್ನವಳು ನನ್ನತ್ತ ತಿರುಗಿದಳು. "ನಿಮ್ಮ ಥರ್ಮಾಮೀಟರ್ ಚೆಕ್ ಮಾಡಿಸಿದ್ದು ಯಾವಾಗ?"

ನೌಕರಿಯುದ್ದಕ್ಕೂ ಯಾವ ಆಡಿಟರೂ ಅದನ್ನು ಅಷ್ಟು ಖಾರವಾಗಿ ಕೇಳಿದ್ದಿಲ್ಲ.