ಕತ್ತಿ ಮಸೆಯುವ ವಿಚಾರ

ಒಬ್ಬನು ಇನ್ನೊಬ್ಬನ ಮೇಲೆ ಕತ್ತಿ ಮಸೆಯುತ್ತಿರುವನೆಂದರೆ ಅವರಿಬ್ಬರಿಗೂ ಹಗೆತನವುಂಟೆಂದು ಕನ್ನಡಿಗರೆಲ್ಲರಿಗೂ ಅರ್ಥವಾಗುತ್ತದೆ. ಈ ನುಡಿಗಟ್ಟನ್ನು ಮೊದಲು ಆಡಿದ ಮಹಾನುಭಾವನು ಕಾಳಗದ ಕತ್ತಿಯನ್ನು ಕಂಡವನಾಗಿರಬೇಕು; ಕ್ಷೌರದ ಕತ್ತಿಯನ್ನು ಮಸೆದವನಂತೂ ಅಲ್ಲ. ಮನಸ್ಸಿನಲ್ಲಿ ಕಹಿಯಿಟ್ಟುಕೊಂಡು ಕುಳಿತವನ ಕೈಯಲ್ಲಿ ಈ ಎರಡನೆಯ ಕತ್ತಿ ಎಂದಿಗೂ ಹರಿತವಾಗದು. ಅವನ ಕೈ ಬಿಗಿಯುತ್ತದೆ. ಕೈ ಬಿಗಿದರೆ ಅಲಗು ಕಲ್ಲಿನ ಮೇಲೆ ಒತ್ತುತ್ತದೆ. ಒತ್ತಿದರೆ ಕೂದಲಿಗಿಂತಲೂ ತೆಳುವಾದ ಅದರ ಬಾಯಿ ಬಾಗಿ, ಅಲ್ಲಲ್ಲಿ ಮುರಿಯುತ್ತದೆ. ಅದರ ಫಲವನ್ನು ಮರುದಿನ ಬೆಳಗ್ಗೆ ಅವನ ಕೆನ್ನೆಯೇ ಉಣ್ಣಬೇಕು.

ಈ ವಿಷಯವನ್ನು ಈಗ ಎತ್ತುವುದಕ್ಕೆ ಕಾರಣವಿಲ್ಲದಿಲ್ಲ. ಅಮೆರಿಕದ ಜಿಲೆಟ್ಟನ ಕಂಪೆನಿಯು 1903ರಲ್ಲಿ ಮಾರಿದ್ದು 51 ರೇಜರುಗಳನ್ನೂ 168 ಬ್ಲೇಡುಗಳನ್ನೂ ಮಾತ್ರ. 1904ರಲ್ಲಿ ಅವನಿಗೆ ಪೇಟೆಂಟು ದೊರೆಯಿತು. 1914–18ರ ಮಹಾಯುದ್ಧದಲ್ಲಿ ಸಿಪಾಯಿಗಳ ಚೀಲವನ್ನು ಸೇರಿದ ಮೇಲೆ ಆ ಉಪಕರಣವು ಲೋಕವನ್ನೆಲ್ಲ ವ್ಯಾಪಿಸಿತು. ಮೊಂಡಾದುದನ್ನು ಬಿಸಾಡಿ ಹೊಸದನ್ನು ಹಾಕಿಕೊ ಎಂಬುದೇ ಅದರ ಸೂತ್ರ. ಹೀಗಾಗಿ ಮನೆಗಳಲ್ಲಿ ಮಸೆಯುವವರು ಇಲ್ಲವಾದರು. ಕಲ್ಲೂ ಚರ್ಮದ ಪಟ್ಟಿಯೂ ಕ್ಷೌರದಂಗಡಿಗಳಲ್ಲಿ ಮಾತ್ರ ಉಳಿದವು. 1986ರಲ್ಲಿ ಭಾರತದಲ್ಲಿ ಎಚ್.ಐ.ವಿ. ಸೋಂಕು ಪತ್ತೆಯಾದ ಅನಂತರ, ಒಬ್ಬನ ರಕ್ತ ತಾಕಿದ ಅಲಗು ಇನ್ನೊಬ್ಬನನ್ನು ತಾಕಬಾರದೆಂಬ ಎಚ್ಚರಿಕೆ ಎಲ್ಲೆಡೆ ಹರಡಿ, ಅಲ್ಲಿಯೂ ಗಿರಾಕಿಗೊಂದು ಹೊಸ ಬ್ಲೇಡನ್ನು ತೊಡಿಸುವ ಕತ್ತಿ ಬಂದಿತು. ಅದು ಬಂದದ್ದು ಯುಕ್ತವೇ ಸರಿ. ಆ ವಿಷಯದಲ್ಲಿ ಹಳೆಯದನ್ನು ಹೊಗಳುವುದು ಅವಿವೇಕ. ಆದರೆ ತನ್ನ ಗಡ್ಡಕ್ಕೆ ತನ್ನೊಬ್ಬನದೇ ಆದ ಕತ್ತಿಯನ್ನು ಬಳಸುವವನಿಗೆ ಈ ಭಯವಿಲ್ಲವಷ್ಟೆ. ಆದಕಾರಣ ತಂದೆಯ ಪೆಟ್ಟಿಗೆಯ ತಳದಲ್ಲಿ ಜರ್ಮನಿಯ ಸೋಲಿಂಗನ್ ಅಥವಾ ಇಂಗ್ಲೆಂಡಿನ ಶೆಫೀಲ್ಡ್ ಊರಿನ ಮುದ್ರೆಯುಳ್ಳ ಕತ್ತಿಯೊಂದು ಸಿಕ್ಕಿದರೆ, ಅದನ್ನು ಮತ್ತೆ ಬಳಕೆಗೆ ತರಬೇಕೆಂಬ ಆಸೆ ವಿದ್ಯಾವಂತರಲ್ಲಿ ಕೆಲವರಿಗೆ ಹುಟ್ಟುವುದುಂಟು.

ಆಸೆಪಡುವವರು ಶಾಸ್ತ್ರವನ್ನು ಸ್ವಲ್ಪ ನೋಡಿದರೆ ನಷ್ಟವಿಲ್ಲ. ಅಥರ್ವವೇದದ 6ನೆಯ ಕಾಂಡದ 68ನೆಯ ಸೂಕ್ತವು ಕ್ಷೌರಕ್ಕೆ ಸಂಬಂಧಪಟ್ಟದ್ದು. ಅಲ್ಲಿ ಕತ್ತಿ ಹಿಡಿದು ಬರುವವನು ಸಾಕ್ಷಾತ್ ಸವಿತೃ. ಬಿಸಿನೀರು ತರಬೇಕಾದವನು ವಾಯು. ಸವಿತಾ ಸಮಾಜವೆಂಬ ಹೆಸರನ್ನು ಕೇಳಿ ಮುಗುಳ್ನಗುವವರು ಈ ಸೂಕ್ತವನ್ನೊಮ್ಮೆ ಓದಬೇಕು. ಆಶ್ವಲಾಯನ ಗೃಹ್ಯಸೂತ್ರದ ಚೌಲಪ್ರಕರಣದಲ್ಲಿ ಕತ್ತಿಯ ಬಾಯನ್ನು ಒರೆಸಿ, ಗಾಯಮಾಡದೆ ಕೆಲಸವನ್ನು ಪೂರೈಸೆಂದು ನಾಪಿತನಿಗೆ ಹೇಳುವ ವಿಧಿಯಿದೆ. ಇವೆಲ್ಲಕ್ಕಿಂತ ಉಪಯುಕ್ತವಾದ ಮಾತನ್ನು ಹೇಳಿದವನು ಸುಶ್ರುತ. ಸೂತ್ರಸ್ಥಾನದ 8ನೆಯ ಅಧ್ಯಾಯದಲ್ಲಿ 20 ಬಗೆಯ ಶಸ್ತ್ರಗಳನ್ನು ವಿವರಿಸಿ, ಅವುಗಳನ್ನು ಮಸೆಯುವುದಕ್ಕೆ ಉದ್ದಿನ ಬಣ್ಣದ ನುಣುಪು ಕಲ್ಲು ಬೇಕೆಂದೂ, ಮಸೆದ ಧಾರೆಯನ್ನು ನೆಲೆಗೊಳಿಸುವುದಕ್ಕೆ ಬೂರುಗದ ಹಲಗೆ ಬೇಕೆಂದೂ ಹೇಳುತ್ತಾನೆ. ಕೂದಲನ್ನು ಕತ್ತರಿಸಬಲ್ಲ ಶಸ್ತ್ರವೇ ಪ್ರಯೋಗಕ್ಕೆ ಯೋಗ್ಯವೆಂಬುದು ಅವನ ಮತ. ಹರಿತ ಮಾಡುವುದು ಬೇರೆ, ಹರಿತವನ್ನು ನಿಲ್ಲಿಸುವುದು ಬೇರೆ ಎಂಬ ಈ ಭೇದವೇ ವಿದ್ಯೆಯ ಅರ್ಧಭಾಗ. ಪಾಠಶಾಲೆಗಳಲ್ಲಿ ಈ ವಾಕ್ಯವನ್ನು ಬಾಯಿಪಾಠ ಮಾಡಿದವರಲ್ಲಿ ಎಷ್ಟೋ ಮಂದಿಗೆ ಬೂರುಗದ ಹಲಗೆ ಏತಕ್ಕೆಂದು ಕೇಳಿದರೆ ಉತ್ತರ ತೋಚುತ್ತಿರಲಿಲ್ಲ. ಅದನ್ನೇ ಅಕ್ಷರವರಿಯದ ಕ್ಷೌರಿಕನನ್ನು ಕೇಳಿದ್ದರೆ, ಅವನು ಮಾತನಾಡದೆ ಕತ್ತಿಯನ್ನು ತನ್ನ ಅಂಗೈಯ ಮೇಲೆ ನಾಲ್ಕು ಸಲ ಆಡಿಸಿ ತೋರಿಸುತ್ತಿದ್ದನು.

ಇನ್ನು ಕತ್ತಿಯ ರಚನೆ. ಅದರ ಬೆನ್ನು ದಪ್ಪ, ಬಾಯಿ ತೆಳು. ಎರಡರ ನಡುವೆ ಇಕ್ಕೆಲಗಳಲ್ಲಿಯೂ ಒಳಕ್ಕೆ ತೋಡಿರುತ್ತದೆ. ಕಲ್ಲಿನ ಮೇಲೆ ಅದನ್ನು ಪೂರ್ತಿ ಮಲಗಿಸಿದಾಗ ಬೆನ್ನು, ಬಾಯಿ ಇವೆರಡೇ ಕಲ್ಲನ್ನು ಮುಟ್ಟುತ್ತವೆ. ಅಡಿಗೆಮನೆಯ ಚಾಕುವನ್ನು ಮಸೆಯುವವನು ಕೋನವನ್ನು ತಾನೇ ಊಹಿಸಿ ಹಿಡಿಯಬೇಕು. ಇಲ್ಲಿ ಮಾಡಿದವನೇ ಬೆನ್ನಿನ ದಪ್ಪದಲ್ಲಿ ಕೋನವನ್ನು ಅಡಗಿಸಿಟ್ಟಿರುತ್ತಾನೆ. ಅದು ಸಾಮಾನ್ಯವಾಗಿ 16–17 ಡಿಗ್ರಿ. ಆದುದರಿಂದ ಬೆನ್ನನ್ನು ಕಲ್ಲಿನಿಂದ ಎತ್ತದಿರುವುದು ಮೊದಲನೆಯ ನಿಯಮ. ಬಾಯನ್ನು ಮುಂದುಮಾಡಿ ನೂಕಬೇಕು. ಕಲ್ಲಿನ ಕೊನೆ ಬಂದಾಗ ಬೆನ್ನನ್ನು ಕಲ್ಲಿನಿಂದ ಬಿಡಿಸದೆ ಅದರ ಮೇಲೆಯೇ ಹೊರಳಿಸಿ, ಇನ್ನೊಂದು ಮಗ್ಗುಲಿನಿಂದ ಹಿಂದಕ್ಕೆ ತರಬೇಕು. ಅಲಗಿನ ಉದ್ದ ಕಲ್ಲಿನ ಅಗಲಕ್ಕಿಂತ ಹೆಚ್ಚಾಗಿರುವುದರಿಂದ, ನೂಕುವಾಗಲೇ ಓರೆಯಾಗಿ ಎಳೆದರೆ ಬುಡದಿಂದ ತುದಿಯವರೆಗೂ ಕಲ್ಲು ತಾಕುತ್ತದೆ.

ಕಲ್ಲು ಸಮತಟ್ಟಾಗಿರಬೇಕು. ಹಿತ್ತಲಿನ ಒಗೆಯುವ ಕಲ್ಲಾಗಲಿ, ಕುಡುಗೋಲು ಮಸೆಯುವ ಕಲ್ಲಾಗಲಿ ಈ ಕೆಲಸಕ್ಕೆ ಬಾರದು. ಈಗ ಅಂಗಡಿಗಳಲ್ಲಿ ಸಿಕ್ಕುವ ಸಾಣೆಕಲ್ಲುಗಳಿಗೆ ಕಣದ ಸಂಖ್ಯೆಯಿರುತ್ತದೆ. ಸಂಖ್ಯೆ ಹೆಚ್ಚಿದಷ್ಟೂ ಕಣ ಸಣ್ಣದು. ಬಾಯಿ ಮುಕ್ಕಾಗಿದ್ದರೆ ಅಥವಾ ತೀರ ಮೊಂಡಾಗಿದ್ದರೆ ಮಾತ್ರ 1000, ಅನಂತರ 4000, ಕೊನೆಗೆ 8000. ಎರಡು ಮಗ್ಗುಲುಗಳೂ ಬಾಯಿಯುದ್ದಕ್ಕೂ ಒಂದು ಗೆರೆಯಲ್ಲಿ ಕೂಡುವವರೆಗೆ ಮೊದಲನೆಯ ಕಲ್ಲನ್ನು ಬಿಡಬಾರದು. ಅಲ್ಲಿ ಅವಸರಪಟ್ಟವನು ಮುಂದಿನ ಕಲ್ಲುಗಳ ಮೇಲೆ ಇಡೀ ದಿನ ಕುಳಿತರೂ ವ್ಯರ್ಥ. ಮಸೆದು ಮಸೆದು ಕಲ್ಲಿನ ನಡುವೆ ಹಳ್ಳ ಬೀಳುತ್ತದೆ; ಆಗ ಅದರ ಮೇಲೆ ಪೆನ್ಸಿಲಿನಿಂದ ಗೆರೆಗಳನ್ನೆಳೆದು, ಗಾಜಿನ ಹಲಗೆಗೆ ನೀರಿನಲ್ಲಿ ಬಳಸುವ ಉಜ್ಜುಕಾಗದವನ್ನು ಅಂಟಿಸಿ, ಗೆರೆಗಳೆಲ್ಲ ಮಾಯವಾಗುವವರೆಗೆ ಕಲ್ಲನ್ನೇ ಉಜ್ಜಬೇಕು. ಬೆಲ್ಜಿಯಂ ದೇಶದ ಹಳದಿ ಕಲ್ಲಿನಲ್ಲಿ ಗಾರ್ನೆಟ್ಟಿನ ಸೂಕ್ಷ್ಮ ಕಣಗಳಿರುವುದರಿಂದ ಅದಕ್ಕೆ ಬಹುಕಾಲದ ಕೀರ್ತಿ. ಅಮೆರಿಕದ ಅರ್ಕನ್ಸಾ ಸೀಮೆಯ ಸಾಣೆಕಲ್ಲಿನ ಹೆಸರು ನೊವಾಕ್ಯುಲೈಟ್. ಲ್ಯಾಟಿನ್ ಭಾಷೆಯಲ್ಲಿ ನೊವಾಕುಲಾ ಎಂದರೆ ಕ್ಷೌರದ ಕತ್ತಿಯೇ.

ಕಲ್ಲಿನ ಕೀರ್ತಿಯನ್ನು ಹೇಳಿ ಉಕ್ಕಿನದನ್ನು ಬಿಡುವುದು ನ್ಯಾಯವಲ್ಲ. 1800–01ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಬುಕಾನನ್ನನು ಅಲ್ಲಿಯ ಕಮ್ಮಟಗಳಲ್ಲಿ ಮಣ್ಣಿನ ಮೂಸೆಯೊಳಗೆ ಕಬ್ಬಿಣದೊಡನೆ ತಂಗಡಿಯ ಕಡ್ಡಿಯನ್ನೂ ಹಸಿರೆಲೆಯನ್ನೂ ಇಟ್ಟು ಉಕ್ಕು ಮಾಡುತ್ತಿದ್ದುದನ್ನು ವರ್ಣಿಸಿದ್ದಾನೆ. ಈ ಬಗೆಯ ಉಕ್ಕು ಯೂರೋಪಿನಲ್ಲಿ ವೂಟ್ಸ್ ಎಂದು ಪ್ರಸಿದ್ಧವಾಯಿತು. ಆ ಮಾತಿನ ಮೂಲ ಕನ್ನಡದ ಉಕ್ಕು ಎಂಬುದೇ ಎಂದು ವಿದ್ವಾಂಸರಲ್ಲಿ ಅನೇಕರ ಅಭಿಪ್ರಾಯ. ಲಂಡನ್ನಿನಲ್ಲಿ ಕತ್ತಿ ಚೂರಿಗಳನ್ನು ಮಾಡುತ್ತಿದ್ದ ಜೇಮ್ಸ್ ಸ್ಟೋಡಾರ್ಟನು ಇದನ್ನು ಮೆಚ್ಚಿ ಬಳಸಿದನು. ಅವನೂ ಮೈಕೇಲ್ ಫ್ಯಾರಡೆಯೂ ಸೇರಿ ಉಕ್ಕಿನ ಮಿಶ್ರಲೋಹಗಳನ್ನು ಪರೀಕ್ಷಿಸಿ, 1820ರಲ್ಲಿಯೂ 1822ರಲ್ಲಿಯೂ ಲೇಖನಗಳನ್ನು ಪ್ರಕಟಿಸಿದರು. ವಿದ್ಯುಚ್ಛಕ್ತಿಯ ವಿಷಯದಲ್ಲಿ ಜಗತ್ಪ್ರಸಿದ್ಧನಾದ ಫ್ಯಾರಡೆ ತನ್ನ ಉಕ್ಕಿನಿಂದಾದ ಕ್ಷೌರದ ಕತ್ತಿಗಳನ್ನು ಸ್ನೇಹಿತರಿಗೆ ಉಡುಗೊರೆಯಾಗಿ ಕೊಡುತ್ತಿದ್ದನು.

ಇಷ್ಟನ್ನೆಲ್ಲ ಓದಿ ತಿಳಿದ ಮಾತ್ರಕ್ಕೆ ಕತ್ತಿ ಹರಿತವಾಗುವುದೆಂದು ಯಾರೂ ಭಾವಿಸಬಾರದು. ಹಳೆಯ ಮೈಸೂರಿನ ಒಂದು ತಾಲ್ಲೂಕು ಊರಿನಲ್ಲಿ ನಿವೃತ್ತ ಶಿರಸ್ತೇದಾರರೊಬ್ಬರು ತಂದೆಯ ಕತ್ತಿಯನ್ನು ಹೊರತೆಗೆದು, ಒಳ್ಳೆಯ ಕಲ್ಲುಗಳನ್ನು ತರಿಸಿ, ಪುಸ್ತಕದಲ್ಲಿ ಹೇಳಿದಂತೆಯೇ ಮೂರು ದಿವಸ ಮಸೆದರು. ಕತ್ತಿ ಗಡ್ಡವನ್ನು ಕೆರೆಯಿತೇ ಹೊರತು ತೆಗೆಯಲಿಲ್ಲ. ಕೊನೆಗೆ ಅವರು ಊರಿನ ಆಚೆಯ ಬೀದಿಯಲ್ಲಿದ್ದ ವೃದ್ಧ ಕ್ಷೌರಿಕರೊಬ್ಬರ ಮನೆಗೆ ಹೋದರು. ಗ್ರಾಮದ 12 ಮಂದಿ ಆಯಗಾರರಲ್ಲಿ ಒಬ್ಬರಾಗಿ, ಸುಗ್ಗಿಯಲ್ಲಿ ಕಾಳನ್ನು ಪಡೆದು, ವರ್ಷವೆಲ್ಲ ಶಿರಸ್ತೇದಾರರ ಮನೆಯವರಿಗೆ ಕ್ಷೌರಮಾಡಿದ ವಂಶ ಅದು. ಅವರು ಹಡಪವನ್ನು ಕಂಕುಳಲ್ಲಿಟ್ಟು ಬಂದರೆ ಹಿತ್ತಲ ಕಡೆಯಿಂದ ಬರಬೇಕಾಗಿತ್ತು. ಕೆಲಸ ಮುಗಿದೊಡನೆ ಮನೆಯವರು ಸ್ನಾನಕ್ಕೆ ಓಡುತ್ತಿದ್ದರು. ಆ ಮನೆಯ ಎಂಟು ವರ್ಷದ ಹುಡುಗರೂ ಅರುವತ್ತರ ಕ್ಷೌರಿಕನನ್ನು ‘ಏನೋ’ ಎಂದೇ ಕರೆಯುತ್ತಿದ್ದರು. ಇದನ್ನು ಯಾರೂ ದೋಷವೆಂದೆಣಿಸಿರಲಿಲ್ಲ, ದೋಷವಾಗಿದ್ದರೂ.

ವೃದ್ಧರು ಕತ್ತಿಯನ್ನು ಬೆಳಕಿಗೆ ಹಿಡಿದು ನೋಡಿ, “ಎಷ್ಟು ದಿವಸ ಮಸೆದಿರಿ, ಬುದ್ಧಿ?” ಎಂದು ಕೇಳಿದರು.

“ಮೂರು ದಿವಸ.”

“ಅದಕ್ಕೇ ಹಿಂಗಾಗಿದೆ. ಕಲ್ಲಿಗೆ ಕತ್ತಿ ಭಾರವೇ ಸಾಕು. ತಮ್ಮ ಭಾರವನ್ನೂ ಯಾಕೆ ಹಾಕಿದಿರಿ?”

ಅನಂತರ ಒಳಗಿನಿಂದ ಬಟ್ಟೆಯಲ್ಲಿ ಸುತ್ತಿದ್ದ ತಮ್ಮ ಕಲ್ಲನ್ನು ತಂದರು. ಎರಡು ತಲೆಮಾರು ಮಸೆದು ಅದು ಹಲಗೆಯಂತೆ ತೆಳುವಾಗಿತ್ತು. ನೀರು ಚಿಮುಕಿಸಿ, ಎರಡು ಬೆರಳುಗಳಲ್ಲಿ ಕತ್ತಿಯನ್ನು ಹಿಡಿದು ಆಡಿಸತೊಡಗಿದರು. ನೋಡುವವರಿಗೆ ಕೈ ಕತ್ತಿಯನ್ನು ನಡೆಸುತ್ತಿದೆಯೋ, ಕತ್ತಿಯೇ ಕೈಯನ್ನು ಕರೆದೊಯ್ಯುತ್ತಿದೆಯೋ ತಿಳಿಯದು. ಕಣ್ಣು ಬೇರೆಲ್ಲೋ ಇತ್ತು, ಕಿವಿ ಮಾತ್ರ ಕಲ್ಲಿನ ಮೇಲೆ. ಮೊದಲು ಮರಳು ತಿರುವಿದಂತಿದ್ದ ಶಬ್ದ ಕ್ರಮೇಣ ರೇಷ್ಮೆ ಸರಿದಂತಾಯಿತು. ಆಗ ನಿಲ್ಲಿಸಿದರು.

“ನೀವು ಇದನ್ನು ಯಾರಿಂದ ಕಲಿತಿರಿ?” ಎಂದು ಶಿರಸ್ತೇದಾರರು ಕೇಳಿದರು. ಆ ಮನೆಯವರ ಬಾಯಿಂದ ‘ನೀವು’ ಎಂಬ ಮಾತು ಈ ಮನೆಯವರಿಗೆ ಬಂದದ್ದು ಅದೇ ಮೊದಲು. ವೃದ್ಧರು ಒಮ್ಮೆ ತಲೆಯೆತ್ತಿ ನೋಡಿದರು. ಆ ವಿಷಯವಾಗಿ ಇಬ್ಬರೂ ಏನೂ ಹೇಳಲಿಲ್ಲ.

“ನಮ್ಮಪ್ಪನಿಂದ ಬುದ್ಧಿ. ಕೈ ಕುದುರಿದ್ದು ತಮ್ಮ ತಾತನವರ ಗಡ್ಡದ ಮೇಲೆ. ಪಾಪ, ಬಹಳ ತಾಳಿಕೊಂಡರು.”

ಅವರ ಮಕ್ಕಳು ಪೇಟೆಯಲ್ಲಿ ಅಂಗಡಿಯಿಟ್ಟಿದ್ದಾರೆ; ಅಲ್ಲಿ ಬ್ಲೇಡು ಬದಲಿಸುವುದೇ ಹೊರತು ಕಲ್ಲಿಗೆ ಕೆಲಸವಿಲ್ಲ. ಶಿರಸ್ತೇದಾರರು ಹಣ ಕೊಡಹೋದಾಗ ವೃದ್ಧರು ಸಂಕೋಚವಿಲ್ಲದೆ ತೆಗೆದುಕೊಂಡರು. ಅದು ಸರಿಯಾದದ್ದೇ, ವಿದ್ಯೆಗೆ ಬೆಲೆಯುಂಟು. ಅದಾದ ಮೇಲೆ ಎರಡು ತಿಂಗಳ ಕಾಲ, ವಾರಕ್ಕೊಂದು ಸಲ, ಶಿರಸ್ತೇದಾರರು ಆ ಜಗಲಿಯಲ್ಲಿ ಕುಳಿತು ಪಾಠ ಹೇಳಿಸಿಕೊಂಡರು.

ಕಲ್ಲಿನ ಮೇಲೆ ಬಾಯಿ ಮುಂದಾದರೆ, ಚರ್ಮದ ಪಟ್ಟಿಯ ಮೇಲೆ ಬೆನ್ನು ಮುಂದಾಗಬೇಕು. ಇದನ್ನು ಮರೆತವನು ಪಟ್ಟಿಯನ್ನೂ ಕೆಡಿಸುತ್ತಾನೆ, ಧಾರೆಯನ್ನೂ ಕೆಡಿಸುತ್ತಾನೆ. ಪಟ್ಟಿಯ ಒಂದು ತುದಿಯನ್ನು ಗೂಟಕ್ಕೆ ಸಿಕ್ಕಿಸಿ ಬಿಗಿಯಾಗಿ ಎಳೆದು ಹಿಡಿಯಬೇಕು; ಅದು ಜೋತರೆ ಬಾಯಿ ದುಂಡಗಾಗುತ್ತದೆ. ಮೊದಲು ದಪ್ಪ ನಾರುಬಟ್ಟೆಯ ಮೇಲೆ ಹತ್ತಿಪ್ಪತ್ತು ಸಲ, ಅನಂತರ ಚರ್ಮದ ಮೇಲೆ 30–40 ಸಲ ಎಳೆದು ತಂದರೆ ಒಂದು ಕ್ಷೌರಕ್ಕೆ ಸಾಕು. ಪ್ರತಿ ಸಲವೂ ಹೀಗೆ ಮಾಡುವವನಿಗೆ ಕಲ್ಲಿನ ಅಗತ್ಯ ಕೆಲವು ತಿಂಗಳಿಗೊಮ್ಮೆ ಮಾತ್ರ ಬರುತ್ತದೆ. ಹರಿತವನ್ನು ಪರೀಕ್ಷಿಸುವುದಕ್ಕೆ ಬೆರಳನ್ನು ಬಾಯಿಯುದ್ದಕ್ಕೆ ಎಳೆಯುವುದು ಮೂರ್ಖತನ. ತಲೆಯ ಕೂದಲೊಂದನ್ನು ಎರಡು ಬೆರಳುಗಳ ನಡುವೆ ಇಳಿಬಿಟ್ಟು ಅಲಗಿಗೆ ತಾಕಿಸಿದರೆ ಅದು ತಾನಾಗಿ ತುಂಡಾಗಬೇಕು. ಸುಶ್ರುತನ ಪರೀಕ್ಷೆಯೂ ಇದಕ್ಕೆ ಬಹಳ ದೂರವಿಲ್ಲ.

ಕ್ಷೌರಕ್ಕೆ ಮೊದಲು ಬಿಸಿನೀರಿನಿಂದ ಗಡ್ಡವನ್ನು ಚೆನ್ನಾಗಿ ನೆನೆಸಬೇಕು. ಒಂದು ಕೈಯಿಂದ ಚರ್ಮವನ್ನು ಬಿಗಿಯಾಗಿ ಎಳೆದುಕೊಂಡು, ಅಲಗನ್ನು ಸುಮಾರು 30 ಡಿಗ್ರಿಯಷ್ಟು ಓರೆಮಾಡಿ, ಕೂದಲು ಮಲಗಿದ ದಿಕ್ಕಿಗೇ ಮೊದಲು ನಡೆಸಬೇಕು. ಗಲ್ಲದ ಕೆಳಗೆ ಅವಸರ ಕೂಡದು. ಕೆಲಸ ಮುಗಿದ ಮೇಲೆ ಅಲಗನ್ನು ಒರೆಸಿ ಒಣಗಿಸಿ, ಮಲೆನಾಡಿನವರಾದರೆ ಮಳೆಗಾಲದಲ್ಲಿ ಒಂದು ತೊಟ್ಟು ಎಣ್ಣೆಯನ್ನೂ ಸವರಿ, ಬಚ್ಚಲುಮನೆಯ ತೇವಕ್ಕೂ ಮಕ್ಕಳ ಕೈಗೂ ದೂರವಾಗಿ ಇಡಬೇಕು. ಹಿಡಿಯೊಳಕ್ಕೆ ಮಡಿಸುವ ಮುನ್ನ ಕೀಲಿನ ಬಳಿ ನೀರು ನಿಂತಿದೆಯೇ ಎಂದು ಒಮ್ಮೆ ನೋಡಬೇಕು. ತುಕ್ಕು ಹಿಡಿಯಲು ಅದು ಸುಲಭವಾದ ಜಾಗ.